ಪಕ್ಕದ ಸೀಟಿನ ಬಾಗಿಲು

ಗಾಡಿ ನೋಡಲು ಬಂದ ಗಿರಾಕಿ ಮೊದಲು ಟೈರಿಗೆ ಒದೆಯುತ್ತಾನೆ. ಯಾಕೆ ಒದೆಯುತ್ತಾನೆಂದು ಅವನಿಗೂ ಗೊತ್ತಿಲ್ಲ, ಅವನಪ್ಪನಿಗೂ ಗೊತ್ತಿಲ್ಲ. ಆಮೇಲೆ ಬಾನೆಟ್ ಎತ್ತಿಸಿ ಒಳಗೆ ಇಣುಕಿ, ದೊಡ್ಡ ಡಾಕ್ಟರನ ಹಾಗೆ ಹೂಂ ಎನ್ನುತ್ತಾನೆ. ಇಷ್ಟು ವರ್ಷ ಹಳೇ ಗಾಡಿ ಮಾರಿಕೊಂಡು ಬಂದ ನನಗೆ ಒಮ್ಮೊಮ್ಮೆ ಆ ಒದ್ದ ಕಾಲಿಗೇ ತಿರುಗಿಸಿ ಒದೆಯಬೇಕೆನಿಸುತ್ತದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ. ನಮ್ಮ ಬೀದಿಯ ಮೆಕ್ಯಾನಿಕ್ಕುಗಳು ನನಗೆ 'ಬ್ರೇಕಿಲ್ಲದ ಅಕ್ಕ' ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಹೇಳುವ ಧೈರ್ಯ ಒಬ್ಬನಿಗೂ ಇಲ್ಲ.

ಈಗ ವ್ಯಾಪಾರವೆಲ್ಲ ಫೋನಿನಲ್ಲೇ. ಫೋಟೋ ತೆಗಿ, ಜಾಹೀರಾತು ಹಾಕು, ಕಾಯುತ್ತ ಕೂರು. ಹಾಕಿದ ಗಳಿಗೆಯಿಂದ 'ಗಾಡಿ ಇದೆಯಾ' ಎಂಬ ಮೆಸೇಜು ಶುರುವಾಗುತ್ತದೆ. ಗಾಡಿ ಇಲ್ಲದೆ ಜಾಹೀರಾತು ಯಾಕೆ ಹಾಕುತ್ತಾರೆ, ನಿನ್ನ ಮುಖ ನೋಡಲಿಕ್ಕಾ? ಒಬ್ಬ ಮಹಾಶಯ ಕಾರಿಗೆ ಬದಲಾಗಿ ತನ್ನ ಫ್ರಿಜ್ಜು ಕೊಡುತ್ತೇನೆ ಎಂದಿದ್ದ. ನಾನು ಬೈದ ಮೇಲೆ ಸೋಫಾ ಒಂದನ್ನು ಸೇರಿಸಿದ.

ನನಗೆ ಈ ಕೆಲಸ ಕಲಿಸಿದವನು ಸುತ್ತಿಗೆ ಮಾವ. ಅಮ್ಮನ ತಮ್ಮ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನೂ ತಂಗಿಯನ್ನೂ ಸಾಕಿದವನು ಅವನೇ. ಜಜ್ಜಿದ ಗಾಡಿಗಳನ್ನು ಬಡಿದು ಸರಿಮಾಡುವುದು ಅವನ ಕಸುಬು. ಅವನ ಶೆಡ್ಡು ಊರಾಚೆ, ರೈಲು ಹಳಿ ದಾಟಿ, ಮುಚ್ಚಿಹೋದ ಎಣ್ಣೆ ಮಿಲ್ಲಿನ ಹಿಂದೆ ಇದೆ. ಕೆಳಗೆ ಕೆಲಸ, ಮೇಲೆ ಒಂದು ಕೋಣೆ, ಕಬ್ಬಿಣದ ಮೆಟ್ಟಿಲು, ಮುಂದೆ ಉದ್ದನೆಯ ಅಂಗಳ, ಅದರ ಕೊನೆಗೆ ಗೇಟು. ಗೇಟಿನ ಎರಡೂ ಬದಿಗೆ ಮಿಲ್ಲಿನ ಕಾಲದ ಕಾಂಕ್ರೀಟು ಕಂಬಗಳು. ಗಾಡಿ ನಿಲ್ಲಿಸಿ ಮಾರುವ ನನ್ನ ಯಾರ್ಡು ಮಾತ್ರ ಊರೊಳಗೆ, ಮುಖ್ಯರಸ್ತೆಯಲ್ಲಿ.

ಮಾವನ ಕಾನೂನು ಎರಡು. ಒಂದು, ಗಾಡಿಯ ಗಾಯ ಮುಚ್ಚಬಾರದು. "ಮುಚ್ಚಿದ ಗಾಯ ಕೀವಾಗುತ್ತೆ ಕಣೇ. ಗಿರಾಕಿ ತಾನೇ ಹುಡುಕಿದ ಅಂದ್ರೆ ಮುಗೀತು, ಆಮೇಲೆ ನೀನು ಸತ್ಯ ಹೇಳಿದ್ರೂ ನಂಬಲ್ಲ" ಎನ್ನುತ್ತಾನೆ. ಹಾಗಾಗಿ ನಮ್ಮ ಜಾಹೀರಾತಿನಲ್ಲಿ ಮೊದಲು ಬರುವುದೇ ಗಾಡಿಯ ಹುಳುಕು. ಗೀರು, ತಗ್ಗು, ತುಕ್ಕು, ಹರಿದ ಸೀಟು, ಎಲ್ಲದಕ್ಕೂ ಹತ್ತಿರದಿಂದ ಒಂದೊಂದು ಫೋಟೋ. ಬೇರೆಯವರು ನಕ್ಕರು, ಗಿರಾಕಿಗಳು ಮಾತ್ರ ನಮ್ಮಲ್ಲಿಗೇ ಬಂದರು. ಎರಡನೆಯ ಕಾನೂನು, ಓಡಿಸಿ ನೋಡುವಾಗ ಮೊದಲ ಸುತ್ತು ಮಾರುವವರದು. ಕೊಳ್ಳುವವನು ಪಕ್ಕದ ಸೀಟಿನಲ್ಲಿ ಕೂತು ಸುಮ್ಮನೆ ಗಾಡಿಯ ಸದ್ದು ಕೇಳಬೇಕು. ಸ್ಟಿಯರಿಂಗು ಕೈಗೆ ಬಂದ ಮೇಲೆ ಯಾರಿಗೂ ಕಿವಿ ಕೇಳಿಸುವುದಿಲ್ಲವಂತೆ.

ತಂಗಿ ಆ ಬೆಳಿಗ್ಗೆ ಸೀದಾ ಮಾವನ ಶೆಡ್ಡಿಗೇ ಬಂದಳು. ತನ್ನ ನೀಲಿ ಕಾರನ್ನು ತಾನೇ ಓಡಿಸಿಕೊಂಡು, ಕಾಲಿಗೆ ಚಪ್ಪಲಿಯಿಲ್ಲದೆ, ರಾತ್ರಿಯ ಬಟ್ಟೆಯಲ್ಲೇ. ಮಾವ ಫೋನು ಮಾಡಿ "ಬಾ" ಎಂದಷ್ಟೇ ಹೇಳಿದ. ನಾನು ಹೋದಾಗ ಅವಳು ಉಪ್ಪಿನ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದಳು. ಎಡಗಣ್ಣು ಮುಚ್ಚಿಹೋಗಿತ್ತು. ಹಿಡಿದು ತಬ್ಬಿಕೊಂಡೆ, ಸಣ್ಣಗೆ ಕೂಗಿದಳು. ಬೆನ್ನಿನ ಬಟ್ಟೆ ಎತ್ತಿ ನೋಡಿದರೆ ಇಸ್ತ್ರಿಪೆಟ್ಟಿಗೆಯ ಮೂತಿ ಅಚ್ಚೊತ್ತಿದ ಹಾಗೆ ಕೂತಿತ್ತು.

ಅವಳ ಗಂಡನಿಗೆ 'ಇಸ್ತ್ರಿ' ಎಂದು ಅಡ್ಡಹೆಸರಿಟ್ಟಿದ್ದು ನಾನೇ. ಮದುವೆಯ ದಿನ ಊಟಕ್ಕೆ ಕೂರುವಾಗಲೂ ಅವನ ಅಂಗಿಗೆ ಒಂದು ಸುಕ್ಕು ಬಿದ್ದಿರಲಿಲ್ಲ. ನಾನು ಕಿಚಾಯಿಸಿದ್ದೆ, ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಈಗ ಆ ಹೆಸರು ನನ್ನ ಬಾಯಲ್ಲೇ ಸುಡುತ್ತದೆ. ಆದರೂ ಬೇರೆ ಹೆಸರಿನಿಂದ ಅವನನ್ನು ಕರೆಯಲು ನನಗೆ ಮನಸ್ಸಿಲ್ಲ.

ಆ ಶೆಡ್ಡು ಅವನಿಗೆ ಗೊತ್ತಿರಲಿಲ್ಲ. ಮದುವೆಯಲ್ಲಿ ಮಾವನ ಕೈ ಕುಲುಕಿ, ಆಮೇಲೆ ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡಿದ್ದ. ಇಂಥವನ ಕೆಲಸದ ಜಾಗ ಎಲ್ಲಿ ಎಂದು ಕೇಳುವ ಜನವಲ್ಲ ಅವನು. ಸಂಜೆಗೆ ಅವನು ನನ್ನ ಯಾರ್ಡಿಗೆ ಬಂದ. "ಅಕ್ಕಾ, ಚೆನ್ನಾಗಿದ್ದೀರಾ" ಎಂದು ವಿಚಾರಿಸಿದ. ತಂಗಿ ಇಲ್ಲಿಲ್ಲ ಎಂದೆ. ಒಂದೊಂದೇ ಗಾಡಿಯ ಡಿಕ್ಕಿ ತೆಗೆಸಿ ನೋಡಿದ. ಹೋಗುವಾಗ ಆಫೀಸಿನ ಗಾಜಿನ ಬಾಗಿಲನ್ನು ಕಾಲಿನಿಂದ ತಳ್ಳಿ ಪುಡಿಮಾಡಿ, "ಸಾರಿ, ಕಾಲು ತಾಗಿತು" ಎಂದ. "ಅವಳು ಎಲ್ಲಿದ್ರೂ ನಾನು ಬರ್ತೀನಿ ಅಂತ ಹೇಳಿ. ಅವಳಿಗೆ ಗೊತ್ತು" ಎಂದೂ ಹೇಳಿದ. ನನ್ನ ಕೈಯಲ್ಲಿ ಜಾಕ್ ರಾಡು ಇತ್ತು. ಅವತ್ತೇ ಅವನ ಮಂಡೆ ಒಡೆಯಬೇಕಿತ್ತು.

ಪೊಲೀಸಿಗೆ ಹೋಗೋಣವೆಂದೆ. ತಂಗಿ ಬೇಡವೆಂದು ತಲೆಯಾಡಿಸಿದಳು. ಹಿಂದೊಮ್ಮೆ ಹೋಗಿದ್ದಳಂತೆ. ಅವರು ಅವನನ್ನು ಕರೆಸಿ, ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ, ಒಂದೇ ಗಾಡಿಯಲ್ಲಿ ಮನೆಗೆ ಕಳಿಸಿದ್ದರಂತೆ. "ಆ ದಾರಿ ನನಗೆ ನೆನಪಿದೆ ಅಕ್ಕ" ಎಂದಳು. ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದವಳು ಎಂದು ಚಿಕ್ಕಂದಿನಿಂದ ನಾನು ಅವಳನ್ನು ರೇಗಿಸುತ್ತಿದ್ದೆ. ಇಬ್ಬರ ಪಾಲಿನ ಮಾತನ್ನೂ ನಾನೇ ತಿಂದುಕೊಂಡು ಹುಟ್ಟಿದ್ದೇನೆಂದು ಮಾವ ಹೇಳುತ್ತಿದ್ದ.

ಅವಳು ಕೇಳಿದ್ದು ಒಂದೇ. "ಈ ಗಾಡಿ ಮಾರಿಬಿಡು. ಇದರ ವಾಸನೆ ಬಂದ್ರೆ ನಂಗೆ ವಾಂತಿ ಬರುತ್ತೆ." ಕಾಗದಪತ್ರವೆಲ್ಲ ಅವಳ ಹೆಸರಿನಲ್ಲೇ ಇತ್ತು. ಮದುವೆಗೆ ಮುಂಚೆ ತನ್ನ ಸಂಬಳದಲ್ಲಿ ಕೊಂಡಿದ್ದಳು. ಮದುವೆಯಾದ ಮೇಲೆ ಅವಳಿಗೆ ಸ್ಟಿಯರಿಂಗು ಸಿಕ್ಕಿದ್ದು ಓಡಿಬಂದ ದಿನ ಮಾತ್ರ.

ಗಾಡಿ ಪರೀಕ್ಷೆ ಮಾಡಲು ನಾನು ಪಕ್ಕದ ಸೀಟಿನಲ್ಲಿ ಕೂತೆ. ಡ್ಯಾಶ್‌ಬೋರ್ಡು ಒಂದು ಕಡೆ ಒಡೆದಿತ್ತು. ಹಣೆ ಬಡಿಸಿದರೆ ಎಲ್ಲಿ ತಾಗುತ್ತದೋ ಸರಿಯಾಗಿ ಅಲ್ಲಿ. ಬಾಗಿಲಿನ ಸಂದು ಸರಿಯಿದೆಯೇ ನೋಡಲು ಮಾವ ಹೊರಗಿನಿಂದ ಬಾಗಿಲು ಹಾಕಿದ. ಇಳಿಯೋಣವೆಂದು ಕೈ ಹಾಕಿದೆ. ಹ್ಯಾಂಡಲ್ ಇಲ್ಲ. ಗಾಜು ಇಳಿಸೋಣವೆಂದರೆ ಅದನ್ನು ತಿರುಗಿಸುವ ಹಿಡಿಯೂ ಇಲ್ಲ. ಬಾಗಿಲಿನ ಮೈಯೆಲ್ಲ ತಡವಿದೆ, ನುಣ್ಣಗೆ. ಬಿಸಿಲಿಗೆ ಕಾರು ಕಾದಿತ್ತು. ನಾನು, ಬ್ರೇಕಿಲ್ಲದ ಅಕ್ಕ, ಎರಡೇ ಉಸಿರಿಗೆ ಬೆವರಿ ಗಾಜು ಬಡಿಯತೊಡಗಿದೆ.

ಮಾವ ಹೊರಗಿನಿಂದ ತೆಗೆದ. ಹ್ಯಾಂಡಲ್ ಇರಬೇಕಾದ ಕಡೆ ಎರಡು ತೂತುಗಳಿದ್ದವು. ಬಗ್ಗಿ ಅವುಗಳೊಳಗೆ ಬೆರಳಿಟ್ಟು ನೋಡಿದ.

"ಮುರಿದಿದ್ದಲ್ಲ ಇದು. ಬಿಚ್ಚಿದ್ದು. ಸಮಾಧಾನವಾಗಿ ಕೂತು ಬಿಚ್ಚಿದ್ದಾರೆ."

ಇಬ್ಬರೂ ತಂಗಿಯ ಕಡೆ ತಿರುಗಿದೆವು. ಅವಳು ಮೆಟ್ಟಿಲ ಮೇಲೆ ಚಹಾ ಲೋಟ ಹಿಡಿದು ಕೂತಿದ್ದಳು.

"ಒಂದ್ಸಲ ಸಿಗ್ನಲ್ಲಲ್ಲಿ ಇಳಿದು ಓಡಿದ್ದೆ" ಎಂದಳು. "ಮಾರನೇ ದಿನ ಅವರು ಸ್ಕ್ರೂ ಡ್ರೈವರ್ ತಗೊಂಡು ಬಂದರು."

ಅವರು ಬಂದರಂತೆ. ಬೆನ್ನು ಸುಟ್ಟವನಿಗೂ ಬಹುವಚನ. ಅಂಗಳಕ್ಕೆ ಹೋಗಿ ಅಲ್ಲಿದ್ದ ಗುಜರಿ ಬಾನೆಟ್ಟನ್ನು ರಾಡಿನಿಂದ ಬಡಿದೆ, ಕೈ ಸೋಲುವವರೆಗೆ. "ಅದನ್ನ ನಿನ್ನೆಯಷ್ಟೇ ಸರಿಮಾಡಿದ್ದೆ" ಎಂದ ಮಾವ.

ಜಾಹೀರಾತು ಹಾಕುವಾಗ ನಾನು ಬಹಳ ಜಾಣತನ ತೋರಿಸಿದೆ. ಹೊಸ ನಂಬರು ತೆಗೆದುಕೊಂಡೆ. ನಂಬರ್ ಪ್ಲೇಟಿಗೆ ಬಟ್ಟೆ ಮುಚ್ಚಿದೆ. ಸೀಟಿನ ಹೊದಿಕೆ ಬದಲಿಸಿದೆ, ಊರಿನ ಹೆಸರು ಬೇರೆ ಹಾಕಿದೆ, ಶೆಡ್ಡಿನ ಗೋಡೆ ಕಾಣಬಾರದೆಂದು ಹಿಂದೆ ಟಾರ್ಪಾಲು ಕಟ್ಟಿದೆ. ಅಂಥ ನೀಲಿ ಕಾರುಗಳು ಊರ ತುಂಬ ಇವೆ, ಇದನ್ನು ಹುಡುಕುವುದೆಂದರೆ ಕುರಿಮಂದೆಯಲ್ಲಿ ಕುರಿ ಹುಡುಕಿದ ಹಾಗೆ. ಆಮೇಲೆ, ಎಂದಿನಂತೆ, ಗಾಡಿಯ ಗಾಯಗಳ ಫೋಟೋ ಹಾಕಿದೆ. ಒಡೆದ ಡ್ಯಾಶ್‌ಬೋರ್ಡು. ಹ್ಯಾಂಡಲ್ಲಿಲ್ಲದ ಬಾಗಿಲು, ಎರಡು ತೂತು, ಹತ್ತಿರದಿಂದ, ಒಳ್ಳೇ ಬೆಳಕಿನಲ್ಲಿ. ಕೆಳಗೆ ಬರೆದೆ: 'ಪಕ್ಕದ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ.' ಕೈ ತನ್ನಷ್ಟಕ್ಕೆ ತಾನು ಮಾಡಿತು. ಮೈಯೆಲ್ಲ ಮುಚ್ಚಿ ಮುಖ ಮಾತ್ರ ತೋರಿಸಿದ್ದೇನೆಂದು ತಲೆಗೆ ಹೊಳೆಯಲೇ ಇಲ್ಲ.

ತಂಗಿಗೆ ಫೋನು ಕೊಟ್ಟು "ನೋಡೇ, ಸರಿಯಿದೆಯಾ" ಎಂದೆ. ಒಂದೊಂದೇ ಫೋಟೋ ಸರಿಸಿದಳು. ಬಾಗಿಲಿನ ಫೋಟೋ ಬಂದಾಗ ಬೆರಳು ನಿಂತಿತು. ಬಹಳ ಹೊತ್ತು ನೋಡಿದಳು. ಆಮೇಲೆ ಫೋನು ವಾಪಸು ಕೊಟ್ಟು, "ಸರಿಯಿದೆ" ಎಂದಳು.

"ಹೊಸ ಹ್ಯಾಂಡಲ್ ತಂದು ಹಾಕ್ತೀನಿ, ಎಷ್ಟೊತ್ತಿನ ಕೆಲಸ" ಎಂದ ಮಾವ.

"ಬೇಡ ಮಾವ. ತಗೊಳ್ಳೋರು ಹಾಕಿಸ್ಕೊಳ್ಳಲಿ."

ಅಂದಿನಿಂದ ಅವಳಲ್ಲಿ ಒಂದು ಬದಲಾವಣೆ ಕಂಡಿತು. ಬೆಳಿಗ್ಗೆ ಎದ್ದು ಕಾರಿನೊಳಗೆ ಕೂರತೊಡಗಿದಳು. ಡ್ರೈವರ್ ಸೀಟಿನಲ್ಲಿ, ಬೆಲ್ಟು ಬಿಗಿದುಕೊಂಡು. ಮೊದಲ ದಿನ ಇಳಿದು ವಾಂತಿ ಮಾಡಿದಳು. ಮರುದಿನ ಮತ್ತೆ ಕೂತಳು. ಶೆಡ್ಡಿನ ಬಾಗಿಲಿನಿಂದ ಗೇಟಿನ ಕಂಬದವರೆಗೆ ಹೋಗುವುದು, ಕಂಬಕ್ಕೆ ಒಂದು ಗೇಣು ಬಿಟ್ಟು ನಿಲ್ಲಿಸುವುದು, ಹಿಂದೆ ಬರುವುದು. ದಿನಾ ಒಂದೇ ಕಂಬದ ಹತ್ತಿರ, ಪಕ್ಕದ ಸೀಟು ಯಾವ ಕಡೆ ಬರುತ್ತದೋ ಆ ಕಡೆಯ ಕಂಬ. "ಕಂಬಕ್ಕೆ ಮುತ್ತು ಕೊಟ್ಟೀಯ ಮಗಳೇ" ಎಂದು ಮಾವ ಕೂಗುತ್ತಿದ್ದ. ಅವಳು ಭಯ ಬಿಡಿಸಿಕೊಳ್ಳುತ್ತಿದ್ದಾಳೆಂದು ನಾನು ಖುಷಿಪಟ್ಟೆ. ಕಣ್ಣಿನ ಬಾವು ಇಳಿದಿತ್ತು. ಒಂದು ದಿನ ಫ್ರಿಜ್ಜಿನ ಮಹಾಶಯನ ಕಥೆ ಹೇಳಿದಾಗ ನಕ್ಕಳು ಕೂಡ.

ಗಿರಾಕಿಗಳು ಬಂದರು, ಟೈರಿಗೆ ಒದ್ದರು, ಹೋದರು. ಆಮೇಲೊಬ್ಬ ಕನ್ನಡಕದವನು ಫೋನು ಮಾಡಿದ. ಹೆಚ್ಚು ಮಾತಿಲ್ಲ, ಚೌಕಾಶಿಯಿಲ್ಲ, ಶೆಡ್ಡಿನ ದಾರಿ ಕೇಳಿಕೊಂಡು ಮಧ್ಯಾಹ್ನವೇ ಬರುತ್ತೇನೆಂದ. ಬಂದ. ಗೇಟು ತೆಗೆಸಿಕೊಂಡು ಒಳಗೆ ಬಂದವನು ಟೈರಿಗೆ ಒದೆಯಲಿಲ್ಲ, ಬಾನೆಟ್ ಎತ್ತಲಿಲ್ಲ. ನೇರವಾಗಿ ಹೋಗಿ ಪಕ್ಕದ ಬಾಗಿಲು ತೆಗೆದು, ಆ ಎರಡು ತೂತು ನೋಡಿದ. ಇಷ್ಟು ವರ್ಷದಲ್ಲಿ ಟೈರಿಗೆ ಒದೆಯದ ಗಿರಾಕಿಯನ್ನು ನಾನು ನೋಡಿರಲಿಲ್ಲ.

"ಹೂಂ, ಅದೇ ಗಾಡಿ. ಬಾ" ಎಂದು ಅವನು ಫೋನಿನಲ್ಲಿ ಹೇಳಿದ.

ಗೇಟಿನ ಹೊರಗೆ ನಿಂತಿದ್ದ ಕಾರಿನಿಂದ ಇಸ್ತ್ರಿ ಇಳಿದ. ಬಿಳಿ ಅಂಗಿ, ಒಂದು ಸುಕ್ಕಿಲ್ಲ. ಅಂಗಳದ ಗ್ರೀಸು ತಾಗದ ಹಾಗೆ ನೋಡಿಕೊಂಡು ಹೆಜ್ಜೆ ಇಡುತ್ತ ಬಂದ. ಗಾಡಿಯನ್ನು ಅಂಗೈಯಿಂದ ಸವರಿದ.

"ನಾನು ಬಿಚ್ಚಿದ ಬಾಗಿಲು ನನಗೆ ಗುರುತು ಸಿಗಲ್ವಾ ಅಕ್ಕಾ?" ಎಂದ. "ಪಾಪ, ಒಳ್ಳೇ ಫೋಟೋ ತೆಗ್ದಿದ್ದೀರ. ಎಲ್ಲಿದ್ದಾಳೆ?"

ಮಾವ ಅವನಿಗೆ ಅಡ್ಡ ಬಂದು ನಿಂತ. ಕೈಯಲ್ಲಿ ಸುತ್ತಿಗೆಯಿತ್ತು, ಎತ್ತಲಿಲ್ಲ. "ಇದು ನನ್ನ ಶೆಡ್ಡು. ಆಚೆ ಹೋಗಪ್ಪ" ಎಂದ. ಇಸ್ತ್ರಿ ತಲೆಯಾಡಿಸಿ, ಒಪ್ಪಿದವನ ಹಾಗೆ ತಿರುಗಿ, ತಿರುಗಿದ ವೇಗದಲ್ಲೇ ಮೊಣಕೈಯಿಂದ ಮಾವನ ಕುತ್ತಿಗೆಗೆ ಬೀಸಿದ. ಮುದುಕ ಕೆಲಸದ ಮೇಜಿನ ಮೇಲೆ ಬಿದ್ದ. ಇಸ್ತ್ರಿ ಅವನ ಮುಂಗೈಯನ್ನು ಮೇಜಿಗೆ ಒತ್ತಿ ಹಿಡಿದು, ಅವನದೇ ಸುತ್ತಿಗೆ ತೆಗೆದುಕೊಂಡು, ಬೆರಳುಗಳ ಮೇಲೆ ಇಳಿಸಿದ. ಮತ್ತೆ ಇಳಿಸಿದ. ತಗಡಿನ ಮೇಲೆ ಬೀಳುವ ಸುತ್ತಿಗೆಯ ಸದ್ದು ಕೇಳಿ ಬೆಳೆದವಳು ನಾನು. ಇದು ಬೇರೆ ಸದ್ದು. ಮಾವ ಕೂಗಲಿಲ್ಲ, ಬಾಯಿ ತೆರೆದುಕೊಂಡು ಉಸಿರು ಹುಡುಕಿದ.

ನಾನು ಜಾಕ್ ರಾಡು ಎತ್ತಿಕೊಂಡು ನುಗ್ಗಿದೆ. ಮೊದಲ ಏಟು ಅವನ ಭುಜಕ್ಕೆ ಬಿತ್ತು, ಮೂಳೆ ಮುರಿದದ್ದು ನನ್ನ ಕೈಗೇ ಗೊತ್ತಾಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಎರಡನೆಯದಕ್ಕೆ ಎತ್ತುವಷ್ಟರಲ್ಲಿ ಕನ್ನಡಕದವನು ಹಿಂದಿನಿಂದ ಬಂದು ಕುತ್ತಿಗೆ ಹಿಡಿದ. ಅವನ ಹೆಬ್ಬೆರಳು ಬಾಯಿಗೆ ಸಿಕ್ಕಿತು, ಕಚ್ಚಿದೆ, ಉಗುರು ಕಿತ್ತು ಬರುವವರೆಗೆ ಬಿಡಲಿಲ್ಲ. ಅವನು ಕಿರುಚಿ ನನ್ನನ್ನು ದೂಡಿದ. ಇಸ್ತ್ರಿ ಸರಿಯಿದ್ದ ಕೈಯಿಂದ ನನ್ನ ಜುಟ್ಟು ಹಿಡಿದು ಮೇಜಿನ ಅಂಚಿಗೆ ಮುಖ ಬಡಿಸಿದ. ಮುಂದಿನ ಹಲ್ಲು ಹೋಯಿತು. ಇನ್ನೊಮ್ಮೆ ಬಡಿಸಿದ. ಕಿವಿಯಲ್ಲಿ ಒಂದೇ ಸಮನೆ ಸೀಟಿ ಊದಿದ ಹಾಗೆ ಆಗತೊಡಗಿತು. ನೆಲಕ್ಕೆ ಬಿದ್ದ ನನ್ನ ಎದೆಯ ಮೇಲೆ ಮೊಣಕಾಲಿಟ್ಟು, ಜೇಬಿನಿಂದ ಚಾಕು ತೆಗೆದು ಬಿಚ್ಚಿ, ನನ್ನ ಕಣ್ಣಿನ ಕೆಳಗೆ ತಾಗಿಸಿದ.

"ಕರೀರಿ ಅವಳನ್ನ" ಎಂದ. ಆ ಮರ್ಯಾದೆ ಇನ್ನೂ ಬಿಟ್ಟಿರಲಿಲ್ಲ.

ಅವನ ಮುಖಕ್ಕೆ ಉಗಿದೆ. ಬಿಳಿ ಅಂಗಿಯ ಮೇಲೆ ನನ್ನ ರಕ್ತ ಚೆಲ್ಲಿತು. ಅವನು ಅದನ್ನೇ ನೋಡಿದ, ಚಾಕು ನನ್ನ ಕೆನ್ನೆ ಸೀಳುತ್ತ ಕೆಳಗಿಳಿಯಿತು. ಇವತ್ತು ಮುಗಿಯಿತು ಎಂದುಕೊಂಡೆ.

"ಬಿಡಿ ಅವಳನ್ನ. ನಾನು ಬರ್ತೀನಿ."

ತಂಗಿ ಕಬ್ಬಿಣದ ಮೆಟ್ಟಿಲು ಇಳಿದು ಬರುತ್ತಿದ್ದಳು. ಕೂದಲು ಬಾಚಿ ಕಟ್ಟಿದ್ದಳು, ಕಾಲಿಗೆ ಶೂ ಹಾಕಿದ್ದಳು. ಕೈಯಲ್ಲಿ ಕಾರಿನ ಕೀ ಇತ್ತು. ನಾನು ಬೇಡ ಬೇಡ ಎಂದು ಒದರಿದೆ, ಬಾಯಿ ತುಂಬ ರಕ್ತವಿದ್ದುದರಿಂದ ಮಾತು ಗೊರಗೊರ ಎಂದಿತು. ಅವಳು ನನ್ನ ಕಡೆ ನೋಡಲಿಲ್ಲ.

"ಹೋಗೋಣ ಬನ್ನಿ" ಎಂದಳು ಅವನಿಗೆ. "ನಿಮ್ಮ ಭುಜ ಮುರಿದಿದೆ. ನಾನೇ ಓಡಿಸ್ತೀನಿ."

ಅವನು ಸ್ವಲ್ಪ ಹೊತ್ತು ಅವಳನ್ನು ಅಳೆದು ನೋಡಿದ. ಒಂದು ಕೈ ಜೋತಾಡುತ್ತಿತ್ತು, ಗೇರು ಹಾಕುವಂತಿರಲಿಲ್ಲ. ಇನ್ನೊಂದರಲ್ಲಿ ಚಾಕು.

"ಓಡಿಸು" ಎಂದು ನಕ್ಕ. "ನಾನು ಪಕ್ಕದಲ್ಲಿ ಕೂತು ನೋಡ್ತೀನಿ. ಎಡವಟ್ಟು ಮಾಡಿದರೆ ಇದು ಪಕ್ಕೆಗೆ ಇಳಿಯುತ್ತೆ." ಕನ್ನಡಕದವನಿಗೆ ತಮ್ಮ ಕಾರಿನಲ್ಲಿ ಹಿಂದೆ ಬರಲು ಹೇಳಿದ. ಅವನು ಹೆಬ್ಬೆರಳು ಹಿಡಿದುಕೊಂಡು ಗೇಟಿನಾಚೆ ಓಡಿದ.

ಇಸ್ತ್ರಿ ಕಾರಿನೊಳಗೆ ಕೂತು ಬಾಗಿಲನ್ನು ತಾನೇ ಎಳೆದುಕೊಂಡ. ಆ ಸೀಟಿನಲ್ಲಿ ಅವನು ಒಂದು ದಿನವೂ ಕೂತವನಲ್ಲ. ತಂಗಿ ಬೆಲ್ಟು ಬಿಗಿದಳು, ಕನ್ನಡಿ ಸರಿಮಾಡಿಕೊಂಡಳು. ಕಿಟಕಿಯಿಂದ ಮಾವನ ಕಡೆ ನೋಡಿ, "ಮೊದಲ ಸುತ್ತು ಮಾರೋರದು ಅಲ್ವಾ ಮಾವ" ಎಂದಳು.

ಆಗ ನನಗೆ ತಿಳಿಯಿತು. ಕಂಬ ನೋಡಿದೆ. ಏಳಲು ಹೋಗಿ ಬಿದ್ದೆ.

ಕಾರು ನಿಧಾನವಾಗಿ ಹೊರಟು, ಅಂಗಳದ ನಡುವೆ ಒಮ್ಮೆಲೇ ಗುಟುರು ಹಾಕಿತು. ದಿನಾ ಒಂದು ಗೇಣು ಬಿಟ್ಟು ನಿಲ್ಲುತ್ತಿದ್ದ ಕಡೆ ಅದು ನಿಲ್ಲಲಿಲ್ಲ. ಪಕ್ಕದ ಸೀಟಿನ ಕಡೆಯ ಮೂತಿ ಹೋಗಿ ಕಾಂಕ್ರೀಟಿಗೆ ಬಡಿಯಿತು. ನೆಲ ನಡುಗಿತು. ಮುಂದಿನ ಗಾಜು ಅಂಗಳದ ತುಂಬ ಚೆಲ್ಲಿತು. ಗೇಟಿನಾಚೆ ಇದ್ದ ಕನ್ನಡಕದವನು ಒಂದು ಗಳಿಗೆ ನಿಂತು ನೋಡಿ, ತನ್ನ ಕಾರು ಹತ್ತಿ ಹೊರಟುಹೋದ. ಅವನ ನಿಯತ್ತು ಅಷ್ಟೇ.

ನಾನು ತೆವಳುತ್ತ, ಆಮೇಲೆ ಎದ್ದು ಓಡುತ್ತ ಹೋದೆ. ಡ್ರೈವರ್ ಕಡೆಯ ಬಾಗಿಲು ತೆರೆದುಕೊಂಡಿತು. ತಂಗಿ ಇಳಿದಳು. ಚಾಕು ಅವಳ ತೊಡೆಯಲ್ಲಿ ಹಿಡಿಯವರೆಗೆ ಕೂತಿತ್ತು. ಅವಳು ಅದನ್ನು ಮುಟ್ಟಲೂ ಇಲ್ಲ. ಕುಂಟುತ್ತ ಕಾರನ್ನು ಸುತ್ತಿ ಪಕ್ಕದ ಬಾಗಿಲಿನ ಹತ್ತಿರ ಹೋಗಿ ನಿಂತಳು.

ಅವನಿಗೆ ಬೆಲ್ಟಿರಲಿಲ್ಲ. ಹಣೆ ಒಡೆದು ಮುಖವೆಲ್ಲ ಕೆಂಪಾಗಿತ್ತು. ಡ್ಯಾಶ್‌ಬೋರ್ಡು ಒಳಗೆ ನುಗ್ಗಿ ಒಂದು ಕಾಲನ್ನು ಮೊಣಕಾಲಿನಿಂದ ಕೆಳಗೆ ಕಚ್ಚಿಕೊಂಡಿತ್ತು. ಬಾನೆಟ್ಟಿನಡಿಯಿಂದ ಹೊಗೆ ಬರುತ್ತಿತ್ತು, ಪೆಟ್ರೋಲಿನ ವಾಸನೆ ಗಾಢವಾಗಿತ್ತು. ಅವನ ಸರಿಯಿದ್ದ ಕೈ ಬಾಗಿಲನ್ನು ತಡವುತ್ತಿತ್ತು. ಮೇಲೆ, ಕೆಳಗೆ, ಮತ್ತೆ ಮೇಲೆ. ಆ ಎರಡು ತೂತುಗಳಿಗೆ ಬೆರಳು ತಾಗಿದಾಗ ಕೈ ನಿಂತಿತು. ಗಾಜಿನೊಳಗಿನಿಂದ ಅವಳ ಕಡೆ ನೋಡಿದ.

"ಬಾಗಿಲು ತೆಗಿ" ಎಂದ.

"ಹುಡುಕು" ಎಂದಳು ನನ್ನ ತಂಗಿ. "ಅಲ್ಲೇ ಎಲ್ಲೋ ಇರಬೇಕು."

ಬಾನೆಟ್ಟಿನ ಸಂದಿನಲ್ಲಿ ಬೆಂಕಿಯ ನಾಲಿಗೆ ಕಾಣಿಸಿತು. ಅವನು ಗಾಜು ಬಡಿಯತೊಡಗಿದ. ಮೊದಲು ಬೈದ. ಆಮೇಲೆ ಅವಳ ಹೆಸರು ಹಿಡಿದು ಕರೆದ. ಆಮೇಲೆ ಅಮ್ಮಾ ಎಂದ. ತಂಗಿ ಕೈಕಟ್ಟಿ ನಿಂತು ನೋಡಿದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ. ಮುರಿದ ಕೈಯನ್ನು ಎದೆಗೆ ಅವುಚಿಕೊಂಡು ಮಾವ ಬಂದು ನನ್ನ ಪಕ್ಕ ನಿಂತ. "ಮಾಡಿದ್ದುಣ್ಣೋ ಮಹರಾಯ" ಎಂದು ಗೊಣಗಿದ. ಒಳಗೆ ಹೊಗೆ ತುಂಬಿ ಅವನ ಮುಖ ಮಸುಕಾಗುತ್ತಿತ್ತು.

"ಅಕ್ಕಾ" ಎಂದಳು ತಂಗಿ, ತಿರುಗದೆ. "ತೆಗೀಲಾ?"

ಚಿಕ್ಕಂದಿನಿಂದ ಅವಳು ಎಲ್ಲವನ್ನೂ ನನ್ನನ್ನು ಕೇಳಿಯೇ ಮಾಡಿದವಳು. ಬೇಡ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಸಾಯಲಿ, ಬೆಂದು ಸಾಯಲಿ ಎಂದು ನನ್ನ ರೋಮ ರೋಮವೂ ಹೇಳುತ್ತಿತ್ತು. ನಾನು ಬೇಡ ಎಂದಿದ್ದರೆ ಅವಳು ತೆಗೆಯುತ್ತಿರಲಿಲ್ಲ. ಇಡೀ ಆಯುಷ್ಯದಲ್ಲಿ ನನಗೆ ಬ್ರೇಕು ಹಿಡಿದದ್ದು ಆಗ ಒಮ್ಮೆ.

"ನಿನ್ನಿಷ್ಟ ಪುಟ್ಟಿ" ಎಂದೆ. "ನೀನು ಹೇಗೆ ಮಾಡಿದ್ರೂ ನಾವಿದ್ದೀವಿ."

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೈ ಚಾಚಿ ಹೊರಗಿನ ಹ್ಯಾಂಡಲ್ ಎಳೆದಳು. ಒಂದೇ ಎಳೆತಕ್ಕೆ ಬಾಗಿಲು ತೆರೆಯಿತು. ಹೊರಗಿನಿಂದ ಅದು ಯಾವಾಗಲೂ ಅಷ್ಟು ಸುಲಭವಾಗಿತ್ತು.

ಅವನನ್ನು ಎಳೆದು ತೆಗೆದದ್ದು ನಾನು. ಮೆತ್ತಗೇನೂ ಎಳೆಯಲಿಲ್ಲ. ಕಾಲಿನ ಒಂದು ಭಾಗ ಒಳಗೇ ಉಳಿಯಿತು. ಅಂಗಳದ ಗ್ರೀಸಿನ ಮೇಲೆ ಅವನನ್ನು ಬಿಸಾಕಿ ನಾವು ಹಿಂದೆ ಸರಿಯುವಷ್ಟರಲ್ಲಿ ಕಾರು ಧಗ್ಗೆಂದು ಹೊತ್ತಿಕೊಂಡಿತು. ಅವನು ಕೂಗುತ್ತಲೇ ಇದ್ದ. ತಂಗಿ ಮೆಟ್ಟಿಲ ಮೇಲೆ ಹೋಗಿ ಕೂತಳು. ಚಾಕು ಕೀಳದೆ, ಅವಳ ತೊಡೆಗೆ ನನ್ನ ದುಪಟ್ಟಾ ಬಿಗಿಯಾಗಿ ಸುತ್ತಿದೆ.

"ಆ ಫೋಟೋ ನೋಡಿದಾಗಲೇ ಗೊತ್ತಿತ್ತು, ಇವನು ಬರ್ತಾನೆ ಅಂತ" ಎಂದಳು.

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಕತ್ತೆ?"

"ಬರೋದಂತೂ ಬರ್ತಿದ್ದ. ನಾವು ಮಲಗಿದ್ದಾಗ ಬರೋದು ಬೇಡ ಅನ್ನಿಸ್ತು." ತಿರುಗಿ ಮಾವನ ಕೈ ನೋಡಿದಳು. ಐದು ಬೆರಳೂ ಉಬ್ಬಿ ಒಂದಾಗಿದ್ದವು. ಆಗ ಅವಳಿಗೆ ಅಳು ಬಂತು. "ಇವರ ಕೈ ಹೋಗುತ್ತೆ ಅಂತ ನಾನು ಅಂದ್ಕೊಂಡಿರಲಿಲ್ಲ ಅಕ್ಕ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಮಾವ ಇನ್ನೊಂದು ಕೈಯನ್ನು ಅವಳ ತಲೆಯ ಮೇಲಿಟ್ಟ.

ಈ ಸಲ ಪೊಲೀಸರು ಬುದ್ಧಿ ಹೇಳಲಿಲ್ಲ. ಹೇಳಲು ಬಂದವರಿಗೆ ತಂಗಿ ಬೆನ್ನು ತಿರುಗಿಸಿ ಬಟ್ಟೆ ಎತ್ತಿ ತೋರಿಸಿದಳು. ಜಾಹೀರಾತಿನಲ್ಲಿದ್ದ ಬಾಗಿಲಿನ ಫೋಟೋ ಈಗ ಕೋರ್ಟಿನಲ್ಲಿದೆ. ಇಸ್ತ್ರಿ ಒಂದು ಕಾಲಿನಲ್ಲಿ, ಇಬ್ಬರು ಪೊಲೀಸರ ನಡುವೆ, ಸುಕ್ಕು ಅಂಗಿಯಲ್ಲಿ ಅಲ್ಲಿಗೆ ಬರುತ್ತಾನೆ. ನಾನು ಪ್ರತಿ ಸಲವೂ ಹೋಗಿ ಮುಂದಿನ ಬೆಂಚಿನಲ್ಲಿ ಕೂರುತ್ತೇನೆ. ಹೊಸ ಹಲ್ಲು ತೋರಿಸಿ ನಗುತ್ತೇನೆ.

ಮಾವನ ಬಲಗೈ ಸುತ್ತಿಗೆ ಹಿಡಿಯುವುದಿಲ್ಲ. ಅವನು ಕುರ್ಚಿಯಲ್ಲಿ ಕೂತು ಹೇಳುತ್ತಾನೆ, ತಂಗಿ ಬಡಿಯುತ್ತಾಳೆ. ಮಾರಲು ಬಂದ ಗಾಡಿಗಳನ್ನೂ ಈಗ ಅವಳೇ ನೋಡುವುದು. ಅವಳ ಕ್ರಮವೇ ಬೇರೆ. ಟೈರು, ಇಂಜಿನ್ನು ಎಲ್ಲ ಆಮೇಲೆ. ಮೊದಲು ಪಕ್ಕದ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಒಳಗಿನಿಂದ ತೆಗೆದು ನೋಡುತ್ತಾಳೆ.

ಮೊನ್ನೆ ಒಬ್ಬ ಬಿಳಿ ಕಾರು ತಂದ. ಒಳ್ಳೇ ಗಾಡಿ, ಮೈಮೇಲೆ ಒಂದು ಗೀರಿಲ್ಲ. ತಂಗಿ ಎಂದಿನಂತೆ ಒಳಗೆ ಕೂತು ಬಾಗಿಲು ಹಾಕಿಕೊಂಡಳು. ತೆರೆಯಲಿಲ್ಲ. ನಾನು ಓಡಿಹೋಗಿ ಹೊರಗಿನಿಂದ ತೆಗೆದೆ. ಅವಳು ಬೆವರಿರಲಿಲ್ಲ. ಬಾಗಿಲಿನ ಎರಡು ತೂತುಗಳ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು.

"ಅದಾ, ಹಳೇ ಗಾಡಿ ಅಲ್ವಾ, ಮುರಿದುಹೋಯ್ತು" ಎಂದ ಅವನು.

"ಮುರಿದಿದ್ದಲ್ಲ ಇದು. ಬಿಚ್ಚಿದ್ದು" ಎಂದಳು ತಂಗಿ. ಇಳಿದು, ಕೈಗೆ ಹತ್ತಿದ ಧೂಳು ಒರೆಸಿಕೊಂಡಳು. "ಈ ಸೀಟಲ್ಲಿ ಯಾರು ಕೂರ್ತಾರೆ?"

ಅವನು ನಗಲು ಹೋದ. ಯಾರೂ ನಗಲಿಲ್ಲವೆಂದು ನೋಡಿ, ಕೀ ಕೊಡಿ ಎಂದು ಕೈ ಚಾಚಿದ. ತಂಗಿ ಕೀಯನ್ನು ತನ್ನ ಜೇಬಿಗೆ ಹಾಕಿಕೊಂಡಳು.

"ಮನೆ ಎಲ್ಲಿ ನಿಮ್ದು?" ಎಂದು ಕೇಳಿದಳು.

ನಾನು ಹೋಗಿ ಗೇಟು ಹಾಕಿ ಬಂದೆ.